ಬೆವರು ಒರೆಸುವ ಮುನ್ನ

ಬೆವರು ಎಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ದುಡಿಮೆ. ಬೆವರು ಸುರಿಸಿ ಗಳಿಸಿದ್ದೆಂದರೆ ನ್ಯಾಯವಾಗಿ ಗಳಿಸಿದ್ದು. ಅದು ಬಿಟ್ಟರೆ ಜ್ವರ. ಮೈ ಬೆವರಿತೆಂದರೆ ಜ್ವರ ಬಿಟ್ಟಿತೆಂದು ನಮ್ಮ ಹಿರಿಯರು ಸಮಾಧಾನಪಡುತ್ತಿದ್ದರು. ಆದರೆ ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿ ಗಾಲಿಕುರ್ಚಿಯಲ್ಲಿ ಕುಳಿತವನ ಹಣೆಯ ಮೇಲೆ ಮೂಡುವ ಬೆವರಿಗೆ ಈ ಎರಡು ಅರ್ಥಗಳೂ ಹೊಂದುವುದಿಲ್ಲ. ಇದನ್ನು ನಮ್ಮ ಮನೆಯವರು ಕಲಿತದ್ದು ಒಂದು ರಾತ್ರಿಯ ಗಾಬರಿಯಿಂದ.

ಅಪಘಾತವೊಂದರಲ್ಲಿ ಕುತ್ತಿಗೆಯ ಮೂಳೆ ಮುರಿದು, ಬೆನ್ನುಹುರಿಗೆ ಪೆಟ್ಟು ಬಿದ್ದು, ಕ್ವಾಡ್ರಿಪ್ಲೀಜಿಯಾಕ್ಕೆ ತುತ್ತಾದ ನನ್ನ ತಮ್ಮ ನ್ಯೂಜೆರ್ಸಿಯ ನಮ್ಮ ಮನೆಯಲ್ಲೇ ಇದ್ದಾನೆ. ಅವನ ಆರೈಕೆಗೆಂದು ಅಮ್ಮ ಚಿತ್ರದುರ್ಗದಿಂದ ಬಂದ ಮೊದಲ ತಿಂಗಳು. ಹೊರಗೆ ಜನವರಿಯ ಹಿಮ. ಊಟವಾದ ಸ್ವಲ್ಪ ಹೊತ್ತಿಗೆ ಅವನ ಮುಖ ಕೆಂಪೇರಿತು; ಹಣೆ, ಕುತ್ತಿಗೆ, ಭುಜಗಳಿಂದ ಬೆವರು ಧಾರೆಯಾಗಿ ಇಳಿಯತೊಡಗಿತು. ತಲೆ ಸಿಡಿಯುತ್ತಿದೆಯೆಂದ. ಅಮ್ಮ ಸೆರಗಿನಿಂದ ಒರೆಸುತ್ತ, "ಒಳಜ್ವರ ಇತ್ತೇನೋ, ಸದ್ಯ ಬಿಡ್ತು ಬಿಡಪ್ಪ" ಎಂದರು. ನಾನು ಅವನನ್ನು ಮಲಗಿಸಿ ಕಾಲ ಕೆಳಗೆ ದಿಂಬಿಟ್ಟೆ. ಇಬ್ಬರೂ ತಪ್ಪಿದೆವು, ನನ್ನ ತಪ್ಪು ದೊಡ್ಡದು. ತುರ್ತು ಚಿಕಿತ್ಸಾ ವಿಭಾಗದಲ್ಲಿ ರಕ್ತದೊತ್ತಡ 150 ಎಂದು ಕಂಡಾಗ, ಅಷ್ಟೇನೂ ಹೆಚ್ಚಲ್ಲವೆಂಬ ಮಾತು ಬಂತು. ತಮ್ಮನೇ ನೋವಿನ ನಡುವೆ, ತನ್ನದು ದಿನವೂ 95 ಎಂದು ತಿಳಿಸಬೇಕಾಯಿತು. ಕಡೆಗೆ ಸಿಕ್ಕಿದ ಕಾರಣ ಇಷ್ಟೇ: ಮೂತ್ರದ ನಳಿಕೆ ತೊಡೆಯ ಕೆಳಗೆ ಮಡಿಸಿಕೊಂಡು, ಮೂತ್ರಕೋಶ ತುಂಬಿ ಬಿಗಿದಿತ್ತು. ಮಡಿಕೆ ಬಿಡಿಸಿದ ಕೆಲವೇ ನಿಮಿಷಗಳಲ್ಲಿ ಬೆವರು ನಿಂತಿತು.

ಮೈ ಕಾದಾಗ ಬೆವರಬೇಕೆಂಬ ಆಜ್ಞೆ ಹೊರಡುವುದು ಮಿದುಳಿನ ಹೈಪೋಥಲಾಮಸ್‌ನಿಂದ. ಅದು ಬೆನ್ನುಹುರಿಯಲ್ಲಿ ಇಳಿದು, ಎದೆಯ ಮತ್ತು ಸೊಂಟದ ಮೇಲ್ಭಾಗದ ಮಟ್ಟದಲ್ಲಿ ಸಿಂಪಥೆಟಿಕ್ ನರಗಳ ಮೂಲಕ ಬೆವರಿನ ಗ್ರಂಥಿಗಳನ್ನು ಸೇರುತ್ತದೆ. ಕುತ್ತಿಗೆಯಲ್ಲೇ ದಾರಿ ಕಡಿದುಹೋದರೆ ಆಜ್ಞೆ ಕೆಳಗಿಳಿಯದು. ಬಿಸಿಲಿನಲ್ಲಿ ಬೆವರಬೇಕಾದ ಮೈ ಬೆವರದೆ ಒಳಗೇ ಕಾಯುತ್ತದೆ. ಆದರೆ ಕಡಿತದ ಕೆಳಗಿನ ಹುರಿ ಸತ್ತಿರುವುದಿಲ್ಲ. ತುಂಬಿದ ಮೂತ್ರಕೋಶದ, ಕಟ್ಟಿಕೊಂಡ ಮಲದ, ಚರ್ಮದ ಹುಣ್ಣಿನ ಸುದ್ದಿ ಅದಕ್ಕೆ ಮುಟ್ಟುತ್ತದೆ. ಮಿದುಳಿನ ಅಂಕುಶವಿಲ್ಲದೆ ಅದು ರಕ್ತನಾಳಗಳನ್ನು ಬಿಗಿಯುತ್ತದೆ, ರಕ್ತದೊತ್ತಡ ಏರುತ್ತದೆ, ಹಿಮ ಸುರಿಯುವಾಗಲೂ ಬೆವರು ಹರಿಯುತ್ತದೆ. ವೈದ್ಯರು ಇದನ್ನು ಅಟನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ಎದೆಭಾಗದ ಆರನೆಯ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಪೆಟ್ಟಾದವರಲ್ಲಿ ಇದು ಸಾಮಾನ್ಯ. ಅಲಕ್ಷಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗುವವರೆಗೂ ಹೋಗಬಹುದು.

ಇದು ಹೊಸ ತಿಳಿವಳಿಕೆಯಲ್ಲ. ಮೊದಲ ಮಹಾಯುದ್ಧದ ಗಾಯಾಳುಗಳನ್ನು ಪರೀಕ್ಷಿಸಿದ ಹೆನ್ರಿ ಹೆಡ್ ಮತ್ತು ಜಾರ್ಜ್ ರಿಡಕ್ 1917ರಲ್ಲಿ 'ಬ್ರೇನ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲೇ ಮೂತ್ರಕೋಶವೂ ಅತಿಬೆವರೂ ಜೊತೆಯಾಗಿವೆ. ಮೂತ್ರಕೋಶ ಹಿಗ್ಗಿದಾಗ ರಕ್ತದೊತ್ತಡವೂ ಏರುವುದನ್ನು 1947ರಲ್ಲಿ ಲುಡ್ವಿಗ್ ಗುಟ್‌ಮನ್ ಮತ್ತು ಡೇವಿಡ್ ವಿಟ್ಟರಿಜ್ ವಿವರಿಸಿದರು. ಆದರೂ ಈ ಸಂಗತಿ ಗೊತ್ತಿಲ್ಲದವರು ಆಸ್ಪತ್ರೆಗಳಲ್ಲೂ ಸಿಗುತ್ತಾರೆಂಬುದು ನಮ್ಮ ಅನುಭವ.

ನಮ್ಮ ಭಾಗದ ಕನ್ನಡಿಗರಿಗೆ ನೆರವು ದೂರವಿಲ್ಲ. 'ಸೂಪರ್‌ಮ್ಯಾನ್' ನಟ ಕ್ರಿಸ್ಟೋಫರ್ ರೀವ್ 1995ರ ಮೇ ತಿಂಗಳಲ್ಲಿ ಕುದುರೆಯಿಂದ ಬಿದ್ದು ಕುತ್ತಿಗೆ ಮುರಿದುಕೊಂಡಾಗ, ಪುನಶ್ಚೇತನಕ್ಕೆ ಬಂದದ್ದು ವೆಸ್ಟ್ ಆರೆಂಜ್‌ನ ಕೆಸ್ಲರ್ ಸಂಸ್ಥೆಗೆ. ಅವರು 2004ರಲ್ಲಿ ತೀರಿಕೊಂಡರು. ಅವರ ಮತ್ತು ಪತ್ನಿ ಡೇನಾ ಅವರ ಹೆಸರಿನ, ನ್ಯೂಜೆರ್ಸಿಯ ಶಾರ್ಟ್ ಹಿಲ್ಸ್‌ನಲ್ಲಿ ನೆಲೆಗೊಂಡ ಪ್ರತಿಷ್ಠಾನ ಈ ಅಪಾಯದ ಲಕ್ಷಣಗಳನ್ನೂ ಕ್ರಮಗಳನ್ನೂ ಮುದ್ರಿಸಿದ ಪುಟ್ಟ ಚೀಟಿಯನ್ನು ಉಚಿತವಾಗಿ ಕೊಡುತ್ತದೆ. ಅದು ಗಾಲಿಕುರ್ಚಿಯ ಚೀಲದಲ್ಲಿದ್ದರೆ ತುರ್ತು ವಿಭಾಗದಲ್ಲಿ ವಾದ ಮಾಡುವ ಶ್ರಮ ಉಳಿಯುತ್ತದೆ.

ಬೆವರು ಕಂಡೊಡನೆ ಆತನನ್ನು ಮಲಗಿಸಬಾರದು. ನೆಟ್ಟಗೆ ಕೂರಿಸಿ ಕಾಲುಗಳನ್ನು ಇಳಿಬಿಡಬೇಕು. ತಲೆ ಮೇಲಿದ್ದರೆ ರಕ್ತದೊತ್ತಡ ಕೊಂಚ ತಗ್ಗುತ್ತದೆ. ಸೊಂಟಪಟ್ಟಿ, ಮೂತ್ರದ ಚೀಲದ ಪಟ್ಟಿ, ಬೂಟು ಎಲ್ಲವನ್ನೂ ಸಡಿಲಿಸಬೇಕು. ಆಮೇಲೆ ನಳಿಕೆ, ಅನಂತರ ಮಲ, ಅದೂ ಅಲ್ಲವಾದರೆ ಚರ್ಮ. ಹಾಸಿಗೆಯ ಮಡಿಕೆಯೋ, ಜೇಬಿನಲ್ಲುಳಿದ ನಾಣ್ಯವೋ, ಮಾಂಸದೊಳಕ್ಕೆ ಬೆಳೆದ ಕಾಲುಗುರೋ ಸಾಕು. ಕೆಲವು ನಿಮಿಷಕ್ಕೊಮ್ಮೆ ರಕ್ತದೊತ್ತಡ ನೋಡುತ್ತಿರಬೇಕು. ಇವರಲ್ಲಿ ಮೇಲಿನ ಅಂಕಿ ಸಾಮಾನ್ಯವಾಗಿ 90ರಿಂದ 110. ಅವರವರ ಮಾಮೂಲಿಗಿಂತ 20ರಿಂದ 40 ಹೆಚ್ಚಿದರೂ ಅದು ಅಪಾಯದ ಸೂಚನೆ. ಕಾರಣ ಸಿಗದಿದ್ದರೆ, ಅಥವಾ ಕಾರಣ ಸರಿಪಡಿಸಿದರೂ ಒತ್ತಡ ಇಳಿಯದಿದ್ದರೆ, 911ಕ್ಕೆ ಕರೆಮಾಡಲು ಸಂಕೋಚ ಬೇಡ.

ಪ್ರತಿದಿನದ ಬೆವರಿಗೂ ವೈದ್ಯರಲ್ಲಿ ಔಷಧಗಳುಂಟು: ಗ್ಲೈಕೊಪೈರೊಲೇಟ್, ಆಕ್ಸಿಬ್ಯುಟಿನಿನ್, ಚರ್ಮಕ್ಕೆ ಅಂಟಿಸುವ ಸ್ಕೋಪೊಲಮಿನ್ ಪಟ್ಟಿ. ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ. ಕಟ್ಟಿದ ಮಲವೇ ಮತ್ತೆ ಬೆವರಿಗೆ ಕಾರಣವಾಗುವ ವಿಪರ್ಯಾಸವೂ ಇದೆ. ಅಪಘಾತವಾಗಿ ಎಷ್ಟೋ ವರ್ಷಗಳ ಮೇಲೆ ಹೊಸದಾಗಿ ಬೆವರು ಆರಂಭವಾದರೆ ಹುರಿಯೊಳಗೆ ನೀರುಗುಳ್ಳೆ ಬೆಳೆಯುವ ಸಿರಿಂಗೋಮೈಲಿಯಾ ಇರಬಹುದು, ಎಂ.ಆರ್.ಐ. ಮಾಡಿಸಬೇಕು. ಒದ್ದೆ ಬಟ್ಟೆಯನ್ನು ಕೂಡಲೇ ಬದಲಿಸುವುದಂತೂ ಕಡ್ಡಾಯ. ತೇವದಿಂದ ಚರ್ಮ ಮೆತ್ತಗಾಗಿ ಹುಣ್ಣಾಗುತ್ತದೆ; ಚಳಿಗಾಲದಲ್ಲಿ ಮೈ ಬೇಗ ತಣ್ಣಗಾಗುತ್ತದೆ. ಅಂಗಡಿಯ ದಪ್ಪ ಟವಲುಗಳಿಗಿಂತ ಊರಿನಿಂದ ತಂದ ಹಳೆಯ ಹತ್ತಿಪಂಚೆ ಮೇಲು. ಉಜ್ಜದೆ ಒತ್ತಿ ತೆಗೆಯಬೇಕು.

ಬೇಸಿಗೆಯಲ್ಲಿ ಲೆಕ್ಕ ತಿರುಗಾಮುರುಗ. ಮೇ ತಿಂಗಳಲ್ಲಿ ಇಂಥವರನ್ನು ಬಳ್ಳಾರಿ, ರಾಯಚೂರುಗಳಿಗೆ ಕರೆದೊಯ್ಯುವವರು, ಆಗಸ್ಟಿನಲ್ಲಿ ಎಡಿಸನ್ನಿನ ಹೊರಾಂಗಣ ವನಭೋಜನಕ್ಕೆ ಕರೆತರುವವರು ಬೆವರಿಲ್ಲವೆಂದು ನಿಶ್ಚಿಂತರಾಗಬಾರದು. ನೀರು ಚಿಮುಕಿಸುವ ಸೀಸೆ, ಬೀಸಣಿಗೆ, ನೆರಳು ಜೊತೆಗಿರಲಿ. ಈ ಸಮ್ಮೇಳನದ ಸಭಾಂಗಣದಲ್ಲಿ ಪಕ್ಕದ ಗಾಲಿಕುರ್ಚಿಯವರು ಬೆವರಿ ತಲೆನೋವೆಂದರೆ, ಪಾನಕ ತರಲು ಓಡುವ ಮುನ್ನ ಅವರನ್ನೇ ಕೇಳಿ; ಏನು ನೋಡಬೇಕೆಂದು ಅವರಿಗೆ ಗೊತ್ತಿರುತ್ತದೆ.

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಆ ಚೀಟಿಯ ಕನ್ನಡ ರೂಪವನ್ನು ಅಂಟಿಸಿದ್ದೇನೆ, ಅಮ್ಮನ ಕನ್ನಡಕಕ್ಕೆ ಕಾಣುವಷ್ಟು ದೊಡ್ಡ ಅಕ್ಷರಗಳಲ್ಲಿ. ಈಚೆಗೆ ಅವರು ಅದನ್ನು ಓದುವುದಿಲ್ಲ. ತಮ್ಮನ ಹಣೆ ಮಿನುಗಿದರೆ ಸೆರಗಿಗೆ ಕೈಹಾಕುವ ಮೊದಲೇ ಅಡುಗೆಮನೆಯಿಂದ ಕೂಗುತ್ತಾರೆ: "ನಳಿಕೆ ನೋಡಿದೆಯೇನೋ?"