ಮೋಟಾರು ದುರಸ್ತಿಯ ಸಲಕರಣೆಗಳು

ಮುಂಬಯಿಯ ಬೀದಿಗಳಲ್ಲಿ ಬಹುಕಾಲ ಓಡಾಡಿದ ಕಪ್ಪು-ಹಳದಿ ಬಣ್ಣದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ನಮ್ಮನ್ನು ಬಿಟ್ಟು ಹೋದುವು. ಟ್ಯಾಕ್ಸಿಗೆ ಈ ನಗರದಲ್ಲಿ ವಿಧಿಸಿದ್ದ ಆಯುಷ್ಯ 20 ವರ್ಷ. ಅಷ್ಟು ಕಾಲ ಮಳೆಬಿಸಿಲೆನ್ನದೆ ಆ ಗಾಡಿಗಳು ಓಡಿದುವೆಂದರೆ, ಅದರ ಹಿಂದೆ ಗ್ಯಾರೇಜಿನ ಕೆಲಸಗಾರರ ಶ್ರಮವಿತ್ತು. ಆದರೆ ಎಷ್ಟೇ ಕುಶಲನಾದರೂ ಬರಿಗೈಯಿಂದ ಬೋಲ್ಟನ್ನು ಬಿಚ್ಚಬಲ್ಲನೆ? ಕೆಲಸಗಾರನಿಗೆ ಸಲಕರಣೆಯೇ ಬಲ. ಅದನ್ನು ಹೇಗೆ ಆರಿಸಬೇಕು, ಹೇಗೆ ಕಾಪಾಡಬೇಕು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ. ನಮ್ಮ ವಿದ್ಯಾರ್ಥಿಗಳಲ್ಲಿ ಮುಂದೆ ಈ ಕಸುಬನ್ನು ಹಿಡಿಯುವವರು ಕೆಲವರಿರಬಹುದು. ಗಾಡಿಯಲ್ಲಿ ಕುಳಿತು ಹೋಗುವವರಂತೂ ಎಲ್ಲರೂ ಹೌದು. ಆದುದರಿಂದ ಈ ವಿಷಯ ಯಾರಿಗೂ ಹೊರತಾದುದಲ್ಲ.

ಕೆಲವು ದಿನಗಳ ಹಿಂದೆ ನಾವು ಶಾಲೆಯ ಸಮೀಪದ ಒಂದು ಗ್ಯಾರೇಜಿಗೆ ಹೋಗಿದ್ದೆವು. ಅಲ್ಲಿ ಕಾರೊಂದರ ಮುಂಭಾಗವನ್ನು ಜ್ಯಾಕಿನಿಂದ ಎತ್ತಿ ನಿಲ್ಲಿಸಿದ್ದರು. ಹೊಸದಾಗಿ ಸೇರಿದ್ದ ಹುಡುಗನೊಬ್ಬನು ಅದರ ಕೆಳಗೆ ನುಸುಳಲು ಹೊರಟಿದ್ದನು. ಮೇಸ್ತ್ರಿಗಳು ದೂರದಿಂದಲೇ ಕೂಗಿದರು: "ತಮ್ಮಾ, ಹೊರಗೆ ಬಾ! ಜ್ಯಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಮೊದಲು ಸ್ಟ್ಯಾಂಡ್ ಇಡು." ಹುಡುಗನು ಮುಖ ಸಣ್ಣದು ಮಾಡಿಕೊಂಡು ಉಕ್ಕಿನ ಎರಡು ಸ್ಟ್ಯಾಂಡುಗಳನ್ನು ತಂದು ಗಾಡಿಯ ಚೌಕಟ್ಟಿನ ಕೆಳಗೆ ಇಟ್ಟನು. ಎಲ್ಲರೂ ಚಹಾ ಕುಡಿದು ಬರುವಷ್ಟರಲ್ಲಿ, ಯಾರೂ ಮುಟ್ಟದಿದ್ದರೂ ಕಾರು ಮೆಲ್ಲನೆ ಇಳಿದು ಆ ಸ್ಟ್ಯಾಂಡುಗಳ ಮೇಲೆ ಕುಳಿತಿತ್ತು. ಜ್ಯಾಕಿನ ಬುಡದಲ್ಲಿ ಎಣ್ಣೆ ಒಸರಿತ್ತು. ಹುಡುಗನು ಮಾತಾಡಲಿಲ್ಲ, ನಾವೂ ಆಡಲಿಲ್ಲ.

ಹೀಗಾದುದೇಕೆ? ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುವುದೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ಎಂಬ ವಿಜ್ಞಾನಿಯು ತಿಳಿಸಿದನು. ಎಣ್ಣೆಯ ಜ್ಯಾಕು ಈ ನಿಯಮದಿಂದಲೇ ಕೆಲಸ ಮಾಡುತ್ತದೆ. 1 ಚದರ ಸೆಂಟಿಮೀಟರಿನ ಸಣ್ಣ ಪಿಸ್ಟನ್ನನ್ನು 10 ಕಿಲೋಗ್ರಾಂ ಭಾರದಿಂದ ಒತ್ತಿದರೆ, 16 ಚದರ ಸೆಂಟಿಮೀಟರಿನ ದೊಡ್ಡ ಪಿಸ್ಟನ್ನು 160 ಕಿಲೋಗ್ರಾಂ ಭಾರವನ್ನು ಎತ್ತುವುದು. ಆದರೆ ಈ ಲಾಭ ಪುಕ್ಕಟೆಯಾಗಿ ಬಂದುದಲ್ಲ: ಸಣ್ಣ ಪಿಸ್ಟನ್ನು 16 ಸೆಂಟಿಮೀಟರ್ ಚಲಿಸಿದರೆ ದೊಡ್ಡದು ಏರುವುದು 1 ಸೆಂಟಿಮೀಟರ್ ಮಾತ್ರ. ಇಡೀ ಕಾರಿನ ಭಾರವನ್ನು ತಾಳಿದ ಎಣ್ಣೆಯನ್ನು ಒಳಗೇ ತಡೆದಿರುವುದು ಒಂದು ರಬ್ಬರಿನ ಬಳೆ. ಅದು ಸವೆಯಿತೆಂದರೆ ಎಣ್ಣೆ ಸೋರುತ್ತದೆ, ಗಾಡಿ ಇಳಿಯುತ್ತದೆ. ಸ್ಟ್ಯಾಂಡಿನಲ್ಲಿ ಎಣ್ಣೆಯಿಲ್ಲ, ಅಲ್ಲಿ ಭಾರವನ್ನು ಹೊರುವುದು ಗಟ್ಟಿ ಉಕ್ಕು.

ಜ್ಯಾಕು ಎಷ್ಟು ಟನ್ ಎತ್ತಬಲ್ಲದೆಂಬುದನ್ನು ಅದರ ಮೇಲೆಯೇ ನಮೂದಿಸಿರುತ್ತಾರೆ. ಅದನ್ನು ಓದಿ ಕೊಳ್ಳಬೇಕು, ಅದಕ್ಕೆ ಮೀರಿ ಎತ್ತಬಾರದು. ಗಟ್ಟಿಯಾದ ಸಮನೆಲದ ಮೇಲೆಯೇ ಅದನ್ನು ಇಡಬೇಕು. ಅದಕ್ಕೆ ತಕ್ಕ ಎಣ್ಣೆಯನ್ನೇ ಹಾಕಬೇಕು. ಕೈಗೆ ಸಿಕ್ಕಿತೆಂದು ಬ್ರೇಕಿನ ದ್ರವವನ್ನು ಸುರಿದರೆ ಒಳಗಿನ ರಬ್ಬರು ಕೆಡುವುದು. ಸೋರುವ ಜ್ಯಾಕನ್ನು ದುರಸ್ತಿಯಾಗುವ ತನಕ ಮೂಲೆಯಲ್ಲಿಡುವುದೇ ಲೇಸು. ಅಂದು ಮೇಸ್ತ್ರಿಗಳು ಮಾಡಿದುದೂ ಅದನ್ನೇ: ಅದರ ಹಿಡಿಗೆ ಕೆಂಪು ಬಟ್ಟೆ ಕಟ್ಟಿ ಬದಿಗಿಟ್ಟರು.

ಇನ್ನು ಪಾನಾಗಳ ವಿಷಯ. ಬಾಯಿ ತೆರೆದ ಪಾನಾ ನಟ್ಟನ್ನು ಎರಡು ಬದಿಗಳಲ್ಲಿ ಮಾತ್ರ ಹಿಡಿಯುತ್ತದೆ. ಬಳೆಯಂತಹ ರಿಂಗ್ ಪಾನಾ ಆರೂ ಮೂಲೆಗಳನ್ನು ಸುತ್ತಿ ಹಿಡಿಯುತ್ತದೆ. ಆದುದರಿಂದ ಬಿಗಿದ ನಟ್ಟನ್ನು ಸಡಿಲಿಸಲು ರಿಂಗ್ ಪಾನಾವೇ ಮೇಲು. 13 ಮಿಲಿಮೀಟರಿನ ನಟ್ಟಿಗೆ 14ರ ಪಾನಾ ಹಾಕಿ ತಿರುಗಿಸಿದರೆ ಮೂಲೆಗಳು ಸವೆದು ನಟ್ಟು ಗುಂಡಗಾಗುವುದು. ಆ ಮೇಲೆ ಉಳಿ-ಸುತ್ತಿಗೆಯೇ ಗತಿ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯುಂಟಷ್ಟೆ. ಆದರೆ ಗ್ಯಾರೇಜಿನಲ್ಲಿ ಕೆಲವೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ! ಅಗ್ಗದ ಹತ್ತು ಪಾನಾಗಳಿಗಿಂತ ಗಟ್ಟಿಯುಕ್ಕಿನ ಐದು ಪಾನಾಗಳು ಹೆಚ್ಚು ದಿನ ಬಾಳುವುವು.

ನಟ್ಟನ್ನು ಎಷ್ಟು ಬಿಗಿಯಬೇಕೆಂಬುದೂ ಮುಖ್ಯ. ಸಡಿಲವಾದರೆ ಚಕ್ರ ಕಳಚೀತು. ಅತಿಯಾಗಿ ಬಿಗಿದರೆ ಬೋಲ್ಟು ತುಂಡಾದೀತು. ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಲು ಟಾರ್ಕ್ ರೆಂಚ್ ಎಂಬ ಸಾಧನವಿದೆ. ಇದು ಅಳೆಯುವ ಸಾಧನವಾದುದರಿಂದ ಸುತ್ತಿಗೆಯಂತೆ ಬಳಸಲಾಗದು, ನಟ್ಟು ಬಿಚ್ಚಲೂ ತಕ್ಕುದಲ್ಲ. ಕೆಲಸ ಮುಗಿದೊಡನೆ ಅದರ ಸ್ಪ್ರಿಂಗನ್ನು ಅತಿ ಕಡಿಮೆ ಗುರುತಿಗೆ ತಿರುಗಿಸಿ ಪೆಟ್ಟಿಗೆಯಲ್ಲಿಡಬೇಕು. ವರ್ಷಕ್ಕೊಮ್ಮೆ ಅಥವಾ 5000 ಬಾರಿ ಬಳಸಿದ ಮೇಲೆ ಅದರ ಅಳತೆ ಸರಿಯಿದೆಯೆ ಎಂದು ಪರೀಕ್ಷೆ ಮಾಡಿಸಬೇಕು. ತಪ್ಪು ಅಳತೆಯ ರೆಂಚು ನಂಬಿದವನನ್ನೇ ಮೋಸಗೊಳಿಸುತ್ತದೆ.

ಗಾಳಿ ತುಂಬುವ ಕಂಪ್ರೆಸರನ್ನು ಎಲ್ಲರೂ ಕಂಡಿರುತ್ತೀರಿ. ಗಾಳಿಯನ್ನು ಒತ್ತಿ ತುಂಬಿದಾಗ ಅದರಲ್ಲಿನ ಆವಿಯು ತಣಿದು ನೀರಾಗಿ ತೊಟ್ಟಿಯ ತಳದಲ್ಲಿ ನಿಲ್ಲುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಇದು ಇನ್ನೂ ಹೆಚ್ಚು. ದಿನಕ್ಕೊಮ್ಮೆ ಕೆಳಗಿನ ತಿರುಪನ್ನು ತೆರೆದು ಆ ನೀರನ್ನು ಹೊರಬಿಡದಿದ್ದರೆ ತೊಟ್ಟಿ ಒಳಗಿಂದೊಳಗೇ ತುಕ್ಕು ಹಿಡಿದು ತೆಳುವಾಗಿ ಒಂದು ದಿನ ಒಡೆಯಬಹುದು. ಹೊರಗೆ ಬಳಿದ ಬಣ್ಣ ಒಳಗಿನ ತುಕ್ಕನ್ನು ತೋರಿಸುವುದಿಲ್ಲ.

ಈಗ ವಿದ್ಯುತ್ತಿನಿಂದ ಓಡುವ ಕಾರುಗಳೂ ಬಂದಿವೆ. ಅವುಗಳಲ್ಲಿ ಅನೇಕವು 300 ವೋಲ್ಟಿಗೂ ಮಿಕ್ಕಿದ ಬ್ಯಾಟರಿಯುಳ್ಳವು. ಕಿತ್ತಳೆ ಬಣ್ಣದ ತಂತಿಗಳು ಆ ಅಪಾಯದ ಗುರುತು. ಅಂತಹ ಕೆಲಸಕ್ಕೆ ತರಬೇತಿಯೂ, 1000 ವೋಲ್ಟ್ ತಡೆಯುವ ಕೈಚೀಲಗಳೂ ಹಿಡಿಗಳೂ ಬೇಕು. ಕೈಚೀಲದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಅದು ಕೆಲಸಕ್ಕೆ ಬಾರದು. ಗಾಡಿ ಹೊಸದಾಗಿರಬಹುದು, ಸಲಕರಣೆಯನ್ನು ಬಳಸುವ ಮೊದಲು ನೋಡಬೇಕೆಂಬ ಪಾಠ ಮಾತ್ರ ಹಳೆಯದೇ.

ಮಹಾನವಮಿಯಂದು ಗ್ಯಾರೇಜುಗಳಲ್ಲಿ ಪಾನಾ, ಸುತ್ತಿಗೆಗಳಿಗೆ ಅರಿಸಿನ-ಕುಂಕುಮ ಹಚ್ಚಿ ಆಯುಧಪೂಜೆ ಮಾಡುವುದನ್ನು ನಾವು ನೋಡಿದ್ದೇವೆ. ಅದು ವರ್ಷಕ್ಕೊಂದು ದಿನದ ಪೂಜೆ. ಪ್ರತಿ ಸಂಜೆ ಸಲಕರಣೆಗಳ ಜಿಡ್ಡನ್ನು ಒರಸಿ, ಎಣಿಸಿ, ಸವೆದುದನ್ನು ಬೇರೆ ಮಾಡಿ, ಅವುಗಳ ಜಾಗದಲ್ಲಿಡುವುದು ಉಳಿದ ದಿನಗಳ ಪೂಜೆ. ಗಾಡಿಯ ಕೆಳಗೆ ಮಲಗಿದವನ ಪ್ರಾಣವೂ, ನಾಳೆ ಆ ಗಾಡಿಯನ್ನೇರುವವರ ಪ್ರಾಣವೂ ಈ ಎರಡನೆಯ ಪೂಜೆಯನ್ನೇ ನಂಬಿಕೊಂಡಿವೆ.