ಒಬ್ಬನ ಬೆನ್ನಿಗೆ ನಾಲ್ವರು

ಐದು ಕಾರುಗಳು. ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಗುಲೀತೇನೋ ಎಂಬಂತೆ, ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಂತೆ, ತಿರುವಿನಿಂದ ತಿರುವಿಗೆ ಧಾವಿಸುತ್ತಿದ್ದವು. ಎಲ್ಲಕ್ಕೂ ಮುಂದಿದ್ದುದು ಕೆಂಪು ಬಣ್ಣದ ಫೆರಾರಿ. ಅದರ ಹಿಂದಿದ್ದ ಕಾರುಗಳು ತಿರುವುಗಳಲ್ಲಿ ಅದಕ್ಕಿಂತ ಚುರುಕಾಗಿದ್ದವೆಂಬುದು ನೋಡುವವರ ಕಣ್ಣಿಗೇ ಕಾಣುತ್ತಿತ್ತು. ಇನ್ನೊಂದು ಸುತ್ತು, ಹೆಚ್ಚೆಂದರೆ ಎರಡು ಸುತ್ತು. ಆಮೇಲೆ ಫೆರಾರಿ ಹಿಂದೆ ಬಿದ್ದೇ ಬೀಳುತ್ತದೆ ಎನ್ನುವಂತಿತ್ತು ನೋಟ. ಬೀಳಲಿಲ್ಲ.

ಇದು 1981ನೆಯ ಇಸವಿ ಜೂನ್ 21ರಂದು, ಮ್ಯಾಡ್ರಿಡ್ ನಗರದ ಸಮೀಪದ ಜರಾಮಾ ಪಥದಲ್ಲಿ ನಡೆದ ಸ್ಪೇನಿನ ಗ್ರಾಂಡ್ ಪ್ರೀ ಪಂದ್ಯ. ಪಥದ ಉದ್ದ 3.312 ಕಿಲೋಮೀಟರು, ಅದನ್ನು 80 ಬಾರಿ ಸುತ್ತಬೇಕು. ರಣಬಿಸಿಲು. ಫೆರಾರಿಯನ್ನು ನಡೆಸುತ್ತಿದ್ದವನು ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಗಿಲ್ಸ್ ವಿಲ್‌ನೂವ್, ಮೂವತ್ತೊಂದು ವರ್ಷದ ತರುಣ.

ಆತನಿಗೆ ದೊರೆತಿದ್ದ ವಾಹನ ವಿಚಿತ್ರವಾದುದು. ಉಳಿದ ನಾಲ್ವರ ಎಂಜಿನುಗಳು ಮೂರು ಲೀಟರಿನವು. ಫೆರಾರಿಯದು ಒಂದೂವರೆ ಲೀಟರಿನದಾದರೂ, ಟರ್ಬೊ ಯಂತ್ರದ ಮೂಲಕ ಗಾಳಿಯನ್ನು ಒತ್ತಿ ತುಂಬಿಸಿಕೊಂಡು ಭಾರಿ ಶಕ್ತಿಯನ್ನು ಹೊರಚೆಲ್ಲುವಂಥದು. ನೇರವಾದ ಹಾದಿಯಲ್ಲಿ ಅದನ್ನು ಹಿಡಿಯುವವರಿಲ್ಲ. ತಿರುವು ಬಂತೆಂದರೆ ಮಾತ್ರ ಮೈ ಹತೋಟಿಗೆ ಸಿಕ್ಕದು. ಕುದುರೆಯ ಕಾಲು, ಎಮ್ಮೆಯ ಮೈ! ಜರಾಮಾದಲ್ಲಾದರೋ ಹೇಳಿಕೊಳ್ಳುವಂಥ ನೇರ ಹಾದಿ ಒಂದೇ. ಮಿಕ್ಕುದೆಲ್ಲ ತಿರುವುಗಳ ಮೇಲೆ ತಿರುವು.

ಏಳನೆಯ ಸ್ಥಾನದಿಂದ ಹೊರಟ ವಿಲ್‌ನೂವ್ ಆರಂಭದ ನುಗ್ಗಾಟದಲ್ಲಿಯೇ ಮೂರನೆಯವನಾದನು. ಎರಡನೆಯ ಸುತ್ತಿನ ಮೊದಲಿಗೆ ರಾಯ್ಟೆಮನ್‌ನ ಬೆನ್ನಿಗಂಟಿ ಬಂದು ಅವನನ್ನೂ ದಾಟಿದನು. ಮುಂದಿದ್ದ ಅಲನ್ ಜೋನ್ಸ್ ಬಹುದೂರ ಸಾಗಿಬಿಟ್ಟಿದ್ದನು. ಆದರೆ 14ನೆಯ ಸುತ್ತಿನಲ್ಲಿ ಜೋನ್ಸನ ಕಾರು ಹಾದಿ ತಪ್ಪಿ ಹೊರಗುರುಳಿತು. ಅಗ್ರಸ್ಥಾನ ಹೀಗೆ ಅನಾಯಾಸವಾಗಿ ಒದಗಿತು. ಅದನ್ನು ಅರುವತ್ತಕ್ಕೂ ಹೆಚ್ಚು ಸುತ್ತು ಉಳಿಸಿಕೊಳ್ಳುವುದು ಅನಾಯಾಸವಾಗಿರಲಿಲ್ಲ.

ಒಂದು ಕಾರು ಇನ್ನೊಂದನ್ನು ದಾಟುವ ಬಗೆಯನ್ನು ಇಲ್ಲಿ ತುಸು ವಿವರಿಸಬೇಕು. ವೇಗವಾಗಿ ಓಡುವ ಕಾರು ಗಾಳಿಯನ್ನು ಸೀಳಿಕೊಂಡು ಹೋಗುವುದರಿಂದ ಅದರ ಹಿಂದೆ ಗಾಳಿಯ ತಡೆ ಕಡಮೆಯಾಗುತ್ತದೆ. ಹಿಂಬಾಲಿಸುವವನು ಆ ಮರೆಯಲ್ಲಿ ಅಡಗಿ ವೇಗವನ್ನು ಹೆಚ್ಚಿಸಿಕೊಂಡು, ನೇರ ಹಾದಿಯ ಕೊನೆಯಲ್ಲಿ ಪಕ್ಕಕ್ಕೆ ಸರಿದು, ಎದುರಾಳಿಗಿಂತ ಒಂದು ಕ್ಷಣ ತಡವಾಗಿ ಬ್ರೇಕು ಒತ್ತಿ, ತಿರುವಿನ ಒಳಮಗ್ಗುಲಿಗೆ ನುಗ್ಗುತ್ತಾನೆ. ಒಳಮಗ್ಗುಲು ಯಾರದೋ ತಿರುವು ಅವರದು. ತಡೆಯಬೇಕಾದವನು ಆ ಜಾಗವನ್ನು ಮೊದಲೇ ಹಿಡಿದಿರಬೇಕು. ಆದರೆ ಅದಕ್ಕೆ ತೆರಬೇಕಾದ ಬೆಲೆಯುಂಟು. ತಿರುವನ್ನು ಬೇಗ ದಾಟಬೇಕಾದರೆ ಹೊರ ಅಂಚಿನಿಂದ ಬಂದು, ಒಳ ಅಂಚನ್ನು ಸವರಿ, ಮತ್ತೆ ಹೊರಕ್ಕೆ ಸಾಗಬೇಕು. ಮೊದಲಿನಿಂದಲೇ ಒಳಗೆ ಅಂಟಿಕೊಂಡವನ ತಿರುವು ಇಕ್ಕಟ್ಟಾಗಿ ವೇಗ ಕುಗ್ಗುತ್ತದೆ.

ವಿಲ್‌ನೂವ್ ಈ ನಷ್ಟವನ್ನು ಲೆಕ್ಕ ಹಾಕಿಯೇ ಒಪ್ಪಿಕೊಂಡನು. ತಿರುವುಗಳಲ್ಲಿ ತಾನು ನಿಧಾನವೆಂಬುದು ಅವನಿಗೆ ಗೊತ್ತು. ಅಲ್ಲಿ ಅವನು ಕಳೆದುಕೊಳ್ಳಬಾರದಾಗಿದ್ದುದು ಕಾಲವನ್ನಲ್ಲ, ಜಾಗವನ್ನು. ಹಿಂದಿನವರು ಎಷ್ಟೇ ಚುರುಕಾಗಿದ್ದರೂ ಅವನ ಬೆನ್ನಿಗೆ ಬಂದು ಮುಗ್ಗರಿಸಬೇಕೇ ಹೊರತು ನುಸುಳಲು ಎಡೆಯಿಲ್ಲ. ಮೇಲಾಗಿ, ಮುಂದಿನ ಕಾರು ಕಲಕಿಬಿಟ್ಟ ಗಾಳಿಯಲ್ಲಿ ಹಿಂದಿನದಕ್ಕೆ ನೆಲದ ಹಿಡಿತವೂ ತಪ್ಪುತ್ತದೆ. ನೇರ ಹಾದಿಗೆ ತೆರೆದುಕೊಳ್ಳುವ ಕಟ್ಟಕಡೆಯ ತಿರುವಿನಿಂದ ಮಾತ್ರ ಫೆರಾರಿ ಅಚ್ಚುಕಟ್ಟಾಗಿ ಹೊರಬೀಳಬೇಕು. ಆಮೇಲಿನ ಕೆಲಸವನ್ನು ಎಂಜಿನು ನೋಡಿಕೊಳ್ಳುತ್ತಿತ್ತು. ಮತ್ತೆ ತಿರುವುಗಳು, ಮತ್ತೆ ನಾಲ್ವರು ಬೆನ್ನಿಗೆ. ನಮ್ಮ ಪುರಾಣಗಳ ಸಾರಥಿಗಳಿಗೆ ಇಲ್ಲದಿದ್ದ ಒಂದು ಸಾಧನ ಈ ಸಾರಥಿಗಳಿಗೆ ಉಂಟು—ಹಿಂದನ್ನು ತೋರಿಸುವ ಪುಟ್ಟ ಕನ್ನಡಿ. ಅಂದು ಅದು ವರವೋ ಶಾಪವೋ ಹೇಳುವುದು ಕಷ್ಟ.

ಸುತ್ತು ಒಂದಕ್ಕೆ ಸುಮಾರು 80 ಸೆಕೆಂಡು. ಒಂದೇ ಒಂದು ಬಾರಿ ಬ್ರೇಕು ತುಸು ತಡವಾದರೆ, ಚಕ್ರ ಒಂದು ಗೇಣು ಹೊರಕ್ಕೆ ಜಾರಿದರೆ, ಒಬ್ಬನಲ್ಲ, ನಾಲ್ವರೂ ದಾಟಿಹೋಗುತ್ತಿದ್ದರು. ಅಂಥ ತಪ್ಪು ಆಗಲಿಲ್ಲ.

ಇದನ್ನು ಅಡ್ಡಗಟ್ಟುವಿಕೆ ಎನ್ನಬಹುದೇ? ಎದುರಾಳಿ ಎಡಕ್ಕೆ ಸರಿದರೆ ತಾನೂ ಎಡಕ್ಕೆ, ಬಲಕ್ಕೆ ಸರಿದರೆ ತಾನೂ ಬಲಕ್ಕೆ ಹೊರಳುವವನು ಅಡ್ಡಗಟ್ಟುವವನು. ಸ್ಥಾನ ಕಾಯಲು ಒಂದಕ್ಕಿಂತ ಹೆಚ್ಚು ಬಾರಿ ದಿಕ್ಕು ಬದಲಿಸಕೂಡದೆಂದು ಇಂದಿನ ನಿಯಮಗಳು ವಿಧಿಸುತ್ತವೆ. ಜರಾಮಾದ ಆಟ ಬೇರೆ ಜಾತಿಯದು. ವಿಲ್‌ನೂವ್ ತನ್ನ ಜಾಗವನ್ನು ಮೊದಲೇ ಆರಿಸಿಕೊಂಡು ಅಲ್ಲಿಯೇ ನೆಲೆನಿಂತನು. ಬೇರೆ ಜಾಗವನ್ನು ಹುಡುಕಿಕೊಳ್ಳುವುದು ಹಿಂದಿನವರ ಪಾಡು.

ಎಲ್ಲರಿಗಿಂತ ಹೆಚ್ಚು ಪರಿತಪಿಸಿರಬೇಕಾದವನು ಫ್ರಾನ್ಸಿನ ಜಾಕ್ ಲಾಫಿತ್. ಅರ್ಹತಾ ಓಟದಲ್ಲಿ ಅತಿವೇಗ ಅವನದು. ಹೊರಟದ್ದೂ ಮೊದಲನೆಯ ಸ್ಥಾನದಿಂದಲೇ. ಹೊರಡುವಾಗ ತಡಬಡಿಸಿ ಬಹಳ ಹಿಂದೆ ಬಿದ್ದವನು ಒಬ್ಬೊಬ್ಬರನ್ನಾಗಿ ದಾಟುತ್ತ ಫೆರಾರಿಯ ಬೆನ್ನಿಗೆ ಬಂದು ಮುಟ್ಟಿದನು. ಅಲ್ಲಿಗೆ ದಾರಿ ಮುಗಿಯಿತು. ಒಂದು ಗಂಟೆ 46 ನಿಮಿಷ 35 ಸೆಕೆಂಡುಗಳ ಓಟದ ಕೊನೆಯಲ್ಲಿ ವಿಲ್‌ನೂವ್ ಅವನಿಗಿಂತ ಮುಂದಿದ್ದುದು ಒಂದು ಸೆಕೆಂಡಿನ ನೂರರಲ್ಲಿ 22 ಪಾಲಿನಷ್ಟು. ಅವರ ಹಿಂದೆ ವಾಟ್ಸನ್, ರಾಯ್ಟೆಮನ್, ಡಿ ಆಂಜೆಲಿಸ್. ಮೊದಲಿಗನಿಗೂ ಐದನೆಯವನಿಗೂ ನಡುವಣ ಅಂತರ 1.24 ಸೆಕೆಂಡು!

ವಿಲ್‌ನೂವ್ ಮತ್ತೆ ಯಾವ ಗ್ರಾಂಡ್ ಪ್ರೀ ಪಂದ್ಯವನ್ನೂ ಗೆಲ್ಲಲಿಲ್ಲ. ಮರುವರ್ಷ, 1982ನೆಯ ಮೇ 8ರಂದು, ಬೆಲ್ಜಿಯಂ ದೇಶದ ಜೋಲ್ಡರ್ ಪಥದಲ್ಲಿ ಅರ್ಹತಾ ಓಟ ನಡೆಯುತ್ತಿತ್ತು. ಯೋಕೆನ್ ಮಾಸ್ ಎಂಬ ಚಾಲಕ ನಿಧಾನವಾಗಿ ಸಾಗುತ್ತಿದ್ದನು. ಹಿಂದಿನಿಂದ ಅತಿವೇಗದಲ್ಲಿ ಬರುತ್ತಿದ್ದ ಫೆರಾರಿಯನ್ನು ಕಂಡು, ಅದಕ್ಕೆ ದಾರಿ ಬಿಟ್ಟುಕೊಡಲೆಂದು ಅವನು ಬಲಕ್ಕೆ ಸರಿದನು. ಅವನನ್ನು ದಾಟಲು ವಿಲ್‌ನೂವ್ ಅದೇ ಕ್ಷಣದಲ್ಲಿ ಆರಿಸಿಕೊಂಡದ್ದೂ ಬಲಮಗ್ಗುಲನ್ನೇ. ಅಂದೇ ರಾತ್ರಿ ಆತನು ಆಸ್ಪತ್ರೆಯಲ್ಲಿ ತೀರಿಕೊಂಡನು.