ಹಳೆಯ ಪಿಕಪ್ ಗಾಡಿಯನ್ನು ಎಳೆಯುವ ಬಲವು ಕುಂದದಂತೆ ಹೆದ್ದಾರಿಗೆ ಅಣಿಗೊಳಿಸುವ ಕ್ರಮ

ಮೈಸೂರು ನಗರದ ದೇವರಾಜ ಮೊಹಲ್ಲಾದಲ್ಲಿ, ಸಯ್ಯಾಜಿರಾವ್ ರಸ್ತೆಗೂ ದೇವರಾಜ ಅರಸು ರಸ್ತೆಗೂ ನಡುವೆ ಇರುವ ದೇವರಾಜ ಮಾರುಕಟ್ಟೆಗೆ ಸುತ್ತಣ ಗ್ರಾಮಗಳಿಂದ ವೀಳೆಯದೆಲೆ, ಬಾಳೆ, ಮಲ್ಲಿಗೆ, ತರಕಾರಿ ಮೊದಲಾದುವು ಬಂದು ಸೇರುವುದು ತಲೆಮಾರುಗಳಿಂದ ನಡೆದುಬಂದಿರುವ ಪದ್ಧತಿಯಾಗಿದೆ. ಚಿಕ್ಕ ಗಡಿಯಾರದವರೆಗೆ ಎತ್ತಿನ ಗಾಡಿಯಲ್ಲಿ ಬರುತ್ತಿದ್ದ ಹೊರೆಯು ಈಗ ಪಿಕಪ್ ಎಂಬ ಸಣ್ಣ ಮೋಟಾರು ಗಾಡಿಯಲ್ಲಿ ಬರುತ್ತದೆ. ಈ ಗಾಡಿಯೇ ಹೊಲಕ್ಕೆ ಗೊಬ್ಬರವನ್ನು ಹೊರುವುದು. ಹಿಂದೆ ಟ್ರೈಲರನ್ನು ಕಟ್ಟಿಕೊಂಡು ಕಣದಿಂದ ಮೂಟೆಗಳನ್ನು ಎಳೆಯುವುದು. ಬೆಲೆ ಹೆಚ್ಚೆಂದು ಕೇಳಿಬಂದ ದಿನ ಬೆಂಗಳೂರಿಗೂ ಓಡುವುದು. ಕಡೆಯ ಕೆಲಸದಲ್ಲಿಯೇ ತೊಡಕು ಹುಟ್ಟುತ್ತದೆ.

ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯು ೨೦೨೩ನೆಯ ಇಸವಿ ಮಾರ್ಚ್ ೧೨ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ ೧ರಿಂದ ಅದರ ಪ್ರಧಾನ ಮಾರ್ಗದಲ್ಲಿ ದ್ವಿಚಕ್ರಗಳು, ಆಟೋರಿಕ್ಷಾಗಳು, ಎತ್ತಿನ ಗಾಡಿಗಳು, ಹಾಗೂ ಟ್ರೈಲರು ಇದ್ದರೂ ಇಲ್ಲದಿದ್ದರೂ ಟ್ರ್ಯಾಕ್ಟರುಗಳು ಸಂಚರಿಸಕೂಡದೆಂದು ನಿಷೇಧವಾಯಿತು. ಇವುಗಳಿಗೆ ಪಕ್ಕದ ಸೇವಾ ರಸ್ತೆಯೇ ಗತಿ. ಪಿಕಪ್ ಗಾಡಿಗೆ ಈ ನಿಷೇಧವಿಲ್ಲ. ಆದುದರಿಂದ ಕೊಟ್ಟಿಗೆಯಲ್ಲಿ ಇಪ್ಪತ್ತು ಮೂವತ್ತು ವರ್ಷಗಳ ಹಳೆಯ ಪಿಕಪ್ ಇರುವ ಜಮೀನುದಾರರು ಅದನ್ನು ಹೆದ್ದಾರಿಯ ವೇಗಕ್ಕೆ ಒಗ್ಗಿಸಬಹುದೇ, ಒಗ್ಗಿಸಿದರೆ ಟ್ರೈಲರು ಎಳೆಯುವ ಶಕ್ತಿ ಉಳಿಯುವುದೇ ಎಂದು ಯೋಚಿಸುವುದು ಸಹಜವಾಗಿದೆ. ಒಗ್ಗಿಸಬಹುದು, ಆದರೆ ಯಾವ ಭಾಗವನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಅರಿತು ಮಾಡತಕ್ಕದ್ದು.

ನಮ್ಮ ಕಡೆಯ ಹಳೆಯ ಪಿಕಪ್‌ಗಳಲ್ಲಿ ಬಹುಪಾಲು ಜೀಪಿನ ವಂಶದವು. ಮಹೀಂದ್ರ ಸಂಸ್ಥೆಯವರು ೧೯೪೭ರಲ್ಲಿ ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಲು ಆರಂಭಿಸಿದರು. ಯುದ್ಧಭೂಮಿಯ ಕೆಸರಿನಲ್ಲಿಯೂ ಹೊಲದ ಹೆಂಟೆಯಲ್ಲಿಯೂ ನಡೆಯಲೆಂದು ರಚಿತವಾದ ಗಾಡಿಯಾದುದರಿಂದ ಅದರಲ್ಲಿ ಓಟಕ್ಕಿಂತ ಎಳೆತಕ್ಕೇ ಪ್ರಾಶಸ್ತ್ಯ. ಈ ಸ್ವಭಾವವು ಅಡಗಿರುವುದು ಹಿಂದಣ ಅಚ್ಚಿನ ನಡುವೆ ಇರುವ ಉಬ್ಬಿದ ಗುಂಡಿನೊಳಗೆ. ಅಲ್ಲಿ ಎರಡು ಹಲ್ಲುಚಕ್ರಗಳಿವೆ. ವಿಲ್ಲೀಸ್ ಕುಲದ ನಾಗರಿಕ ಜೀಪುಗಳಲ್ಲಿ ಸಣ್ಣದಕ್ಕೆ ೮ ಹಲ್ಲು, ದೊಡ್ಡದಕ್ಕೆ ೪೩ ಹಲ್ಲು. ಸಣ್ಣ ಚಕ್ರವು ೫.೩೮ ಸುತ್ತು ತಿರುಗಿದರೆ ಗಾಡಿಯ ಗಾಲಿಯು ಒಂದು ಸುತ್ತು ತಿರುಗುತ್ತದೆ. ಇದನ್ನೇ ಅಚ್ಚಿನ ಪ್ರಮಾಣವೆನ್ನುವರು. ಯುದ್ಧಕಾಲದ ಜೀಪಿನಲ್ಲಿ ಈ ಪ್ರಮಾಣವು ೪.೮೮ ಆಗಿದ್ದಿತು. ಪ್ರಮಾಣ ಹೆಚ್ಚಿದಷ್ಟೂ ಎಳೆತ ಹೆಚ್ಚು, ಓಟ ಕಡಿಮೆ. ಉದ್ದವಾದ ಹಾರೆಯಿಂದ ಬಂಡೆಯನ್ನು ಮೀಟುವವನ ಕೈ ಬಹುದೂರ ಚಲಿಸಿದರೂ ಬಂಡೆಯು ಸ್ವಲ್ಪವೇ ಕದಲುವಂತೆ ಇದು.

ಸಾಮಾನ್ಯವಾದ ೬.೦೦–೧೬ ಅಳತೆಯ ಟೈರು ಒಂದು ಸುತ್ತಿಗೆ ಸುಮಾರು ೨.೨ ಮೀಟರು ಸಾಗುತ್ತದೆ. ಗಂಟೆಗೆ ೮೦ ಕಿಲೋಮೀಟರು ಹೋಗಬೇಕಾದರೆ ಗಾಲಿಯು ನಿಮಿಷಕ್ಕೆ ೬೦೬ ಸುತ್ತು ತಿರುಗಬೇಕು. ಇದನ್ನು ೫.೩೮ರಿಂದ ಗುಣಿಸಿದರೆ, ಕಡೆಯ ಗೇರು ನೇರವಾಗಿರುವ ಹಳೆಯ ಗಾಡಿಯಲ್ಲಿ ಯಂತ್ರವು ನಿಮಿಷಕ್ಕೆ ಸುಮಾರು ೩,೨೬೦ ಸುತ್ತು ತಿರುಗಬೇಕೆಂದಾಗುತ್ತದೆ. ಮೈಸೂರಿನಿಂದ ಮಂಡ್ಯವು ಬರುವ ಹೊತ್ತಿಗೆ ಕಿವಿ ಕಿವುಡಾಗುವುದೂ ಎಣ್ಣೆಯು ಕಾಯುವುದೂ ಇದರಿಂದಲೇ. ಇಲ್ಲಿ ಒಂದು ಮಾತನ್ನು ಮೊದಲೇ ತಿಳಿದಿರಬೇಕು: ಕೇಂದ್ರ ಸರ್ಕಾರದ ೨೦೧೮ರ ಅಧಿಸೂಚನೆಯ ಮೇರೆಗೆ ಸರಕು ಗಾಡಿಗಳಿಗೆ ಎಕ್ಸ್‌ಪ್ರೆಸ್ ಮಾರ್ಗಗಳಲ್ಲಿಯೂ ವಿಭಜಿತ ಚತುಷ್ಪಥಗಳಲ್ಲಿಯೂ ಗರಿಷ್ಠ ವೇಗ ೮೦, ಇತರ ರಸ್ತೆಗಳಲ್ಲಿ ೬೦. ಪಕ್ಕದಲ್ಲಿ ಕಾರುಗಳು ನೂರರಲ್ಲಿ ಹೋಗುತ್ತವೆಂದು ಪಿಕಪ್ಪನ್ನು ನೂರಕ್ಕೆ ಸಿದ್ಧಗೊಳಿಸುವುದು ಹಣವನ್ನು ಚೆಲ್ಲಿ ದಂಡವನ್ನು ಕೊಳ್ಳುವ ಉದ್ಯೋಗ. ಎಂಬತ್ತರಲ್ಲಿ ಯಂತ್ರವು ಸುಮಾರು ೨,೬೦೦ ಸುತ್ತಿನಲ್ಲಿ ನಿರಾಯಾಸವಾಗಿ ತಿರುಗಿದರೆ ಸಾಕು.

ಕಾರ್ಖಾನೆಗಳಲ್ಲಿ ಮೊದಲು ಕೊಡುವ ಸಲಹೆಯೆಂದರೆ ಅಚ್ಚಿನ ಹಲ್ಲುಚಕ್ರಗಳನ್ನು ಬದಲಿಸುವುದು. ೪೭ಕ್ಕೆ ೧೧ ಹಲ್ಲಿನ ಜೋಡಿಯನ್ನು ಹಾಕಿದರೆ ಪ್ರಮಾಣವು ೪.೨೭ಕ್ಕೆ ಇಳಿದು, ಎಂಬತ್ತರ ವೇಗದಲ್ಲಿ ಯಂತ್ರದ ಸುತ್ತು ೨,೫೯೦ರ ಹತ್ತಿರಕ್ಕೆ ಬರುತ್ತದೆ. ಕೇಳಲು ಇದು ಹಿತವೇ. ಆದರೆ ಇದರ ಬೆಲೆಯು ಏರಿನಲ್ಲಿ ತಿಳಿಯುವುದು. ಗಾಡಿ, ಟ್ರೈಲರು, ಹೊರೆ ಎಲ್ಲವೂ ಸೇರಿ ೨,೫೦೦ ಕಿಲೋಗ್ರಾಮು ಇದೆಯೆಂದು ಇಟ್ಟುಕೊಳ್ಳೋಣ. ಒಳ್ಳೆಯ ರಸ್ತೆಯಲ್ಲಿ ಉರುಳುವ ತಡೆಗೆ ಸುಮಾರು ೩೭ ಕಿಲೋ ಬಲ, ೨೫ಕ್ಕೆ ೧ರ ಏರಿಗೆ ೧೦೦ ಕಿಲೋ, ಎಂಬತ್ತರ ವೇಗದಲ್ಲಿ ಎದುರು ಗಾಳಿಗೆ ಸುಮಾರು ೪೨ ಕಿಲೋ, ಅಂತೂ ೧೮೦ ಕಿಲೋ ಬಲ ಬೇಕಾಗುವುದು. ವಿಲ್ಲೀಸ್ ಹರಿಕೇನ್ ಯಂತ್ರದ ಅತಿ ಹೆಚ್ಚಿನ ತಿರುಚು ಬಲವು ೧೫.೭ ಕಿಲೋಗ್ರಾಮು ಮೀಟರು. ಹಲ್ಲುಗಳ ಘರ್ಷಣೆಗೆ ಹತ್ತರಲ್ಲಿ ಒಂದು ಪಾಲನ್ನು ಕಳೆದರೆ, ನೇರ ಗೇರಿನಲ್ಲಿ ೫.೩೮ರ ಅಚ್ಚಿನಿಂದ ಗಾಲಿಗೆ ಹೆಚ್ಚೆಂದರೆ ೨೧೭ ಕಿಲೋ ಬಲವೂ, ೪.೨೭ರ ಅಚ್ಚಿನಿಂದ ೧೭೨ ಕಿಲೋ ಬಲವೂ ದೊರೆಯುತ್ತದೆ. ಮೊದಲನೆಯದು ಏರನ್ನು ಹತ್ತುತ್ತದೆ. ಎರಡನೆಯದು ಸೋಲುತ್ತದೆ, ಚಾಲಕನು ಎರಡನೆಯ ಗೇರಿಗೆ ಇಳಿದು ತೆವಳಬೇಕಾಗುತ್ತದೆ. ಸಮತಟ್ಟಾದ ಮಂಡ್ಯದ ಸೀಮೆಯಲ್ಲಿ ಈ ಕೊರತೆ ಕಾಣದಿದ್ದರೂ, ಕುಶಾಲನಗರವನ್ನು ದಾಟಿ ಮಡಿಕೇರಿಗೆ ಹತ್ತುವವರಿಗೆ ಕಂಡೇ ಕಾಣುವುದು. ಸಂಪಾಜೆಯ ಕಡೆಗೆ ಇಳಿಯುವಾಗಲೂ ಯಂತ್ರದ ಹಿಡಿತವು ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗಿ ಬ್ರೇಕುಗಳ ಮೇಲೆ ಭಾರ ಬೀಳುವುದೆಂಬುದನ್ನು ಮರೆಯಬಾರದು.

ನಾಲ್ಕು ಗಾಲಿಗಳಿಗೂ ಬಲ ಹಾಯುವ ಗಾಡಿಯಲ್ಲಿ ಇನ್ನೊಂದು ಅಪಾಯವಿದೆ. ಹಿಂದಣ ಅಚ್ಚಿನ ಪ್ರಮಾಣವನ್ನು ಮಾತ್ರ ಬದಲಿಸಿ ಮುಂದಣದನ್ನು ಹಾಗೆಯೇ ಬಿಟ್ಟರೆ, ಕೆಸರಿನಲ್ಲಿ ನಾಲ್ಕು ಗಾಲಿಯ ಸನ್ನೆಯನ್ನು ಎಳೆದ ಕೂಡಲೆ ಎರಡು ಅಚ್ಚುಗಳೂ ಒಂದಕ್ಕೊಂದು ವಿರೋಧವಾಗಿ ತಿರುಗಲು ಹೋಗಿ ಹಂಚಿಕೆಯ ಪೆಟ್ಟಿಗೆಯ ಹಲ್ಲುಗಳು ಮುರಿಯುತ್ತವೆ. ಬದಲಿಸುವುದಾದರೆ ಎರಡನ್ನೂ ಒಂದೇ ಪ್ರಮಾಣಕ್ಕೆ ಬದಲಿಸಬೇಕು; ಖರ್ಚು ಇಮ್ಮಡಿಯಾಗುತ್ತದೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕಿತೆಂದು ಬೇರೆ ಗಾಡಿಯ ಹಿಂದಣ ಅಚ್ಚನ್ನು ತಂದು ಕೂರಿಸಿದವರು ಈ ಪೆಟ್ಟನ್ನು ತಿನ್ನುತ್ತಾರೆ.

ಆದುದರಿಂದ ಎತ್ತರವನ್ನು ಅಚ್ಚಿನಲ್ಲಿ ಹುಡುಕದೆ ಗೇರು ಪೆಟ್ಟಿಗೆಯ ತುದಿಯಲ್ಲಿ ಹುಡುಕುವುದೇ ಸರಿಯಾದ ಮಾರ್ಗ. ಹಳೆಯ ಜೀಪಿನ ಪೆಟ್ಟಿಗೆಯಲ್ಲಿ ಮುಂದಕ್ಕೆ ಮೂರೇ ಗೇರುಗಳು, ಮೊದಲನೆಯದು ೨.೮೦, ಎರಡನೆಯದು ೧.೫೫, ಮೂರನೆಯದು ನೇರ. ಇದಕ್ಕೆ ಬದಲಾಗಿ ಐದು ಗೇರಿನ ಪೆಟ್ಟಿಗೆಯನ್ನು ಕೂರಿಸಿ, ಅದರ ಐದನೆಯ ಗೇರು ೦.೮ರಷ್ಟಿದ್ದರೆ, ಅಚ್ಚನ್ನು ಮುಟ್ಟದೆಯೇ ಎಂಬತ್ತರ ವೇಗದಲ್ಲಿ ಯಂತ್ರದ ಸುತ್ತು ೩,೨೬೦ರಿಂದ ೨,೬೧೦ಕ್ಕೆ ಇಳಿಯುತ್ತದೆ. ಏರು ಬಂದಾಗ ನಾಲ್ಕನೆಯ ನೇರ ಗೇರಿಗೆ ಇಳಿದರೆ ಹಿಂದಿನ ೨೧೭ ಕಿಲೋ ಬಲವು ಹಾಗೆಯೇ ದೊರೆಯುವುದು. ಹೊರೆಯನ್ನು ನಿಂತಲ್ಲಿಂದ ಎಬ್ಬಿಸುವ ಬಲವನ್ನು ತಿಳಿಯಲು ಮೊದಲನೆಯ ಗೇರಿನ ಪ್ರಮಾಣವನ್ನು ಅಚ್ಚಿನ ಪ್ರಮಾಣದಿಂದ ಗುಣಿಸಿ ನೋಡಬೇಕು. ಹಳೆಯ ಏರ್ಪಾಡಿನಲ್ಲಿ ಅದು ಸುಮಾರು ೧೫. ಹೊಸ ಪೆಟ್ಟಿಗೆಯ ಮೊದಲನೆಯ ಗೇರು ೪ ಆಗಿದ್ದರೆ, ೪.೨೭ರ ಅಚ್ಚಿನೊಡನೆಯೂ ಅದು ೧೭ನ್ನು ಮೀರುವುದು. ಅಂದರೆ ಒಳ್ಳೆಯ ಪೆಟ್ಟಿಗೆಯಿದ್ದಲ್ಲಿ ಅಚ್ಚನ್ನು ಒಂದಿಷ್ಟು ಸಡಿಲಿಸಿದರೂ ಕಣದ ಕೆಲಸಕ್ಕೆ ಕುಂದಿಲ್ಲ. ಮೇಸ್ತ್ರಿಯು ಬಾಯಿಮಾತಿನಲ್ಲಿ ‘ಎಳೆತ ಚೆನ್ನಾಗಿರುತ್ತದೆ’ ಎಂದರೆ ಸಾಲದು; ಈ ಎರಡು ಅಂಕಿಗಳನ್ನು ಕಾಗದದ ಮೇಲೆ ಬರೆಯಿಸಿಕೊಂಡು ಗುಣಿಸಿ ನೋಡತಕ್ಕದ್ದು.

ದೊಡ್ಡ ಟೈರು ಹಾಕಿ ಕೆಲಸ ಮುಗಿಸುವುದು ಮೂರನೆಯ ಉಪಾಯ. ಇದರಿಂದ ಸುತ್ತು ಸ್ವಲ್ಪ ಇಳಿಯುವುದು ನಿಜ. ಆದರೆ ಎಳೆತವೂ ಬ್ರೇಕಿನ ಹಿಡಿತವೂ ಅದೇ ಪ್ರಮಾಣದಲ್ಲಿ ಇಳಿಯುತ್ತವೆ, ಗಾಡಿಯ ಗುರುತ್ವವು ಮೇಲಕ್ಕೇರುತ್ತದೆ. ಇದು ಬೇಡ.

ಯಾವ ಬದಲಾವಣೆಗೂ ಮೊದಲು ಕಾನೂನನ್ನು ನೋಡಬೇಕು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕನ ಮೂಲ ವಿವರಣೆಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ದೃಢಪಡಿಸಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ೫,೦೦೦ ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಆದಕಾರಣ ಅದೇ ತಯಾರಕನು ಅದೇ ಕುಲದ ಗಾಡಿಗೆ ತಾನೇ ಅಳವಡಿಸಿದ್ದ ಭಾಗಗಳನ್ನೇ ಆರಿಸಿ, ಕೆಲಸಕ್ಕೆ ಕೈಹಾಕುವ ಮೊದಲೇ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಲಿಖಿತ ಅನುಮತಿಯನ್ನು ಪಡೆದು, ವಿಮೆಯವರಿಗೂ ತಿಳಿಸಬೇಕು. ಎಂಟು ವರ್ಷ ದಾಟಿದ ಸರಕು ಗಾಡಿಯು ಪ್ರತಿವರ್ಷವೂ ಅರ್ಹತಾ ಪರೀಕ್ಷೆಗೆ ಹೋಗಬೇಕಾದುದರಿಂದ ಕದ್ದು ಮಾಡಿದ ಮಾರ್ಪಾಡು ಅಲ್ಲಿಯಾದರೂ ಹೊರಬೀಳುವುದು.

ಓಡುವುದಕ್ಕಿಂತ ನಿಲ್ಲುವುದು ಮುಖ್ಯ. ವೇಗವು ನಲವತ್ತರಿಂದ ಎಂಬತ್ತಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿಯು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಎಂಬತ್ತರಲ್ಲಿ ಗಾಡಿಯು ಸೆಕೆಂಡಿಗೆ ೨೨ ಮೀಟರು ಸಾಗುವುದರಿಂದ, ಚಾಲಕನ ಕಾಲು ಪೆಡಲಿಗೆ ತಲಪುವುದರೊಳಗಾಗಿಯೇ ಒಂದು ಹಟ್ಟಿಯ ಉದ್ದ ಕಳೆದಿರುತ್ತದೆ. ಹಳೆಯ ಜೀಪುಗಳಲ್ಲಿ ನಾಲ್ಕು ಗಾಲಿಗಳ ಬ್ರೇಕು ದ್ರವಕ್ಕೂ ಒಂದೇ ಮಾರ್ಗ. ಎಲ್ಲಿಯಾದರೂ ಒಂದು ಕಡೆ ಸೋರಿದರೆ ನಾಲ್ಕೂ ಹೋದುವೆಂದೇ ಅರ್ಥ. ಮುಂದಣ ಗಾಲಿಗಳಿಗೂ ಹಿಂದಣ ಗಾಲಿಗಳಿಗೂ ಬೇರೆ ಬೇರೆ ಮಾರ್ಗವಿರುವ ಸಿಲಿಂಡರನ್ನೂ, ಮುಂದೆ ಡಿಸ್ಕ್ ಬ್ರೇಕನ್ನೂ, ನಿರ್ವಾತದ ಸಹಾಯವನ್ನೂ ಅನುಮತಿ ಪಡೆದು ಅಳವಡಿಸುವುದು ಗೇರು ಪೆಟ್ಟಿಗೆಗಿಂತ ಮೊದಲು ಆಗಬೇಕಾದ ಖರ್ಚು. ಇದನ್ನು ಮುಂದಕ್ಕೆ ಹಾಕುವವರು ಹೆದ್ದಾರಿಯ ಆಸೆಯನ್ನೇ ಬಿಡುವುದು ಲೇಸು.

ಟ್ರೈಲರಿನ ವಿಷಯದಲ್ಲಿ ಎತ್ತಿನ ಗಾಡಿಯನ್ನು ಹೂಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹಿಂಭಾರವಾದ ಗಾಡಿಯು ನೊಗವನ್ನು ಮೇಲೆತ್ತಿ ಎತ್ತುಗಳ ಕೊರಳನ್ನು ಬಿಗಿಯುವಂತೆಯೇ, ಹಿಂಭಾರವಾದ ಟ್ರೈಲರು ಪಿಕಪ್ಪಿನ ಹಿಂಭಾಗವನ್ನು ಎತ್ತುತ್ತದೆ. ಎತ್ತಿನ ನಡಿಗೆಯಲ್ಲಿ ಅದು ತೊಂದರೆ ಮಾತ್ರ. ಅರವತ್ತು ಎಪ್ಪತ್ತರ ವೇಗದಲ್ಲಿ ಟ್ರೈಲರು ಹಾವಿನ ಬಾಲದಂತೆ ಬೀಸತೊಡಗಿ ಗಾಡಿಯನ್ನೇ ಮಗುಚಬಲ್ಲುದು. ಟ್ರೈಲರಿನ ಒಟ್ಟು ತೂಕದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಕೊಂಡಿಯ ಮೇಲೆ ಇಳಿದಿರಬೇಕು: ೮೦೦ ಕಿಲೋಗೆ ೮೦ ಕಿಲೋ. ಮಂಡಿಯಲ್ಲಿ ಮೂಟೆ ತೂಗುವ ಯಂತ್ರವನ್ನೇ ಮೂತಿಯ ಕೆಳಗೆ ಇಟ್ಟು ಇದನ್ನು ನೋಡಬಹುದು. ಬೀಸು ಆರಂಭವಾದರೆ ಚುಕ್ಕಾಣಿಯನ್ನು ನೇರವಾಗಿ ಹಿಡಿದು ವೇಗವನ್ನು ಮೆಲ್ಲನೆ ಬಿಡಬೇಕೇ ಹೊರತು ಚುಕ್ಕಾಣಿಯನ್ನು ಅತ್ತಿತ್ತ ತಿರುಗಿಸಬಾರದು. ಕೊಂಡಿಯ ಜೊತೆಗೆ ರಕ್ಷಣೆಯ ಸರಪಳಿ, ಟ್ರೈಲರಿಗೇ ಪ್ರತ್ಯೇಕ ನೋಂದಣಿ ಹಾಗೂ ವಿಮೆ, ಹಿಂದೆ ಉರಿಯುವ ದೀಪಗಳು, ಬೆಳಕನ್ನು ಪ್ರತಿಫಲಿಸುವ ಪಟ್ಟಿಗಳು ಇವೆಲ್ಲವೂ ಅವಶ್ಯಕ. ಟ್ರೈಲರನ್ನು ಕಟ್ಟಿದಾಗ ಐದನೆಯ ಗೇರನ್ನು ಉಪಯೋಗಿಸದೆ ಅರವತ್ತನ್ನು ಮೀರದಿರುವುದು ಒಳ್ಳೆಯದು. ಅರವತ್ತರಲ್ಲಿ ಗಾಳಿಯ ತಡೆಯು ಎಂಬತ್ತರದಕ್ಕೆ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು, ಇಂಧನವೂ ಉಳಿಯುವುದು.

ಇನ್ನುಳಿದವು ಸಣ್ಣ ಕೆಲಸಗಳಾದರೂ ಬಿಡತಕ್ಕವಲ್ಲ. ಚುಕ್ಕಾಣಿಯ ಕೀಲುಗಳ ಸಡಿಲವನ್ನೂ ಪಟ್ಟೆ ಸ್ಪ್ರಿಂಗುಗಳ ಬುಷ್‌ಗಳನ್ನೂ ಸರಿಪಡಿಸಬೇಕು. ರೇಡಿಯೇಟರಿನ ಕೊಳವೆಗಳನ್ನು ಶುದ್ಧಿ ಮಾಡಿಸಿ ಬೀಸಣಿಗೆಯ ಸುತ್ತಣ ಮುಸುಕನ್ನು ಹಾಕಿಸಬೇಕು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕಡೆಯೆರಡು ವರ್ಷವನ್ನೂ ಸೂಚಿಸುತ್ತವೆ. ೩೧೨೩ ಎಂದಿದ್ದರೆ ೨೦೨೩ರ ೩೧ನೆಯ ವಾರದಲ್ಲಿ ತಯಾರಾದುದು. ಹೊಲದಲ್ಲಿ ಮಾತ್ರ ಓಡಾಡಿದ ಟೈರಿನ ಹೊರಮೈ ಸವೆಯದಿದ್ದರೂ ಬಿಸಿಲಿಗೆ ಒಣಗಿ ಬಿರಿದಿರಬಹುದು, ಅಂತಹುದು ಹೆದ್ದಾರಿಯ ಕಾವಿಗೆ ಸಿಡಿಯುವುದು.

ಇಷ್ಟೆಲ್ಲ ಮಾಡುವುದಕ್ಕೆ ಮುಂಚೆ ಗಾಡಿಯ ಅಡಿಯ ಉದ್ದನೆಯ ಉಕ್ಕಿನ ತೊಲೆಗಳನ್ನು ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಬೇಕು. ಗಂಟೆಯಂತೆ ನಾದ ಬಂದರೆ ಗಟ್ಟಿ. ಒಡೆದ ಮಡಕೆಯಂತೆ ಬೊದ್ದು ದನಿ ಬಂದಲ್ಲಿ ಒಳಗೆ ತುಕ್ಕು ತಿಂದಿದೆ. ಗೊಬ್ಬರವನ್ನು ಹೊತ್ತ ಗಾಡಿಗಳಲ್ಲಿ ಇದು ಹಿಂದಣ ಸ್ಪ್ರಿಂಗಿನ ಕೊಂಡಿಯ ಬಳಿ ಹೆಚ್ಚು. ಟ್ರೈಲರಿನ ಎಳೆತವೆಲ್ಲ ಬೀಳುವುದು ಅಲ್ಲಿಯೇ ಆದುದರಿಂದ, ಅಲ್ಲಿ ತುಕ್ಕು ಕಂಡರೆ ಗೇರು ಪೆಟ್ಟಿಗೆಯ ಹಣವನ್ನು ಇನ್ನೊಂದು ಗಾಡಿಗೆ ಕೂಡಿಡುವುದೇ ಯುಕ್ತ.

ತೊಲೆಯು ಗಟ್ಟಿಯಿದ್ದು ಕೆಲಸ ಮುಗಿದ ಮೇಲೆ ವೇಗಮಾಪಕವನ್ನು ಪರೀಕ್ಷಿಸಬೇಕು. ಹಲವು ಗಾಡಿಗಳಲ್ಲಿ ಅದರ ತಂತಿಯು ಗೇರು ಪೆಟ್ಟಿಗೆಯ ಹಿಂದಿನಿಂದ ಚಲನೆ ಪಡೆಯುವುದರಿಂದ, ಅಚ್ಚಿನ ಪ್ರಮಾಣವನ್ನು ೫.೩೮ರಿಂದ ೪.೨೭ಕ್ಕೆ ಇಳಿಸಿದ ಗಾಡಿಯಲ್ಲಿ ಮುಳ್ಳು ೬೪ನ್ನು ತೋರಿಸುವಾಗಲೇ ನಿಜವಾದ ವೇಗವು ೮೦ ಆಗಿರುತ್ತದೆ. ರಸ್ತೆಯ ಬದಿಯ ಕಿಲೋಮೀಟರು ಕಲ್ಲುಗಳ ನಡುವಣ ಕಾಲವನ್ನು ಗಡಿಯಾರದಿಂದ ಅಳೆದು, ಒಂದು ಕಿಲೋಮೀಟರಿಗೆ ೪೫ ಸೆಕೆಂಡು ಹಿಡಿದಾಗ ಮುಳ್ಳು ಎಲ್ಲಿ ನಿಲ್ಲುವುದೋ ಅಲ್ಲಿ ಗಾಜಿನ ಮೇಲೆ ಕೆಂಪು ಬಣ್ಣದ ಗೀಟನ್ನು ಎಳೆದು, ಮಾಪಕದ ಹಲ್ಲುಚಕ್ರವನ್ನು ಬದಲಿಸಿ ಸರಿಪಡಿಸುವವರೆಗೂ ಚಾಲಕನು ಆ ಗೀಟನ್ನು ದಾಟದಂತೆ ನೋಡಿಕೊಳ್ಳತಕ್ಕದ್ದು.